ಸೆಲ್ಲಪ್ಪನ ಸಾಲುಗಳು

ಹೆತ್ತವರಿಟ್ಟ ಹೆಸರು ಬೇರೆ. ಯಾರು ಏನು ಹೇಳಿದರೂ ತಕ್ಷಣ ಎಕ್ಸೆಲ್ಲಿನ ಒಂದು ಸೆಲ್ಲಿಗೆ ತುಂಬುವ ಅವನ ಚಪಲ ಕಂಡು ಬೆಂಗಳೂರಿನ ಗೆಳೆಯರು ಸೆಲ್ಲಪ್ಪ ಎಂದರು. ಪಿಎಚ್‌ಡಿಗೆಂದು ಚೆನ್ನೈ ಸೇರಿ, ಗುಮ್ಮಿಡಿಪೂಂಡಿ ಲೋಕಲ್ ಹತ್ತಿ ಎಣ್ಣೂರಿನಲ್ಲಿ ಇಳಿದರೆ, ಅಲ್ಲಿಯ ಮೀನುಗಾರರಿಗೆ ಆ ಹೆಸರಿನಲ್ಲಿ ತಮಾಷೆಯೇ ಕಾಣಲಿಲ್ಲ. ಅವರ ಓಣಿಯಲ್ಲೇ ನಾಲ್ಕು ಜನ ಸೆಲ್ಲಪ್ಪಂದಿರಿದ್ದರು.

ಇಂಥವರು ಈಗ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಸಿಗುತ್ತಾರೆ. ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ, ಬಾಯಲ್ಲಿ ‘ಮಿಕ್ಸೆಡ್ ಮೆಥಡ್ಸ್’. ಅಂದರೆ ಲೆಕ್ಕವೂ ಬೇಕು, ಮಾತೂ ಬೇಕು: ನೂರು ಮನೆಗೆ ಪ್ರಶ್ನಾವಳಿ, ಹತ್ತು ಮಂದಿಯ ಜತೆ ಜಗಲಿಯ ಹರಟೆ. ಮಾತನ್ನು ವಿಂಗಡಿಸಲಿಕ್ಕೆಂದೇ ಎನ್‌ವಿವೊದಂಥ ತಂತ್ರಾಂಶಗಳಿವೆ, ನಿಜ. ಅವುಗಳ ಬೆಲೆ ಕೇಳಿದ ಮೇಲೆ ಶಿಷ್ಯವೇತನ ತಲೆ ಎತ್ತುವುದಿಲ್ಲ. ಎಕ್ಸೆಲ್ಲಾದರೋ ಅಡುಗೆಮನೆಯ ಹಳೇ ಈಳಿಗೆಮಣೆ. ತೆಂಗಿನಕಾಯಿಗೂ ಸೈ, ಹುರುಳಿಕಾಯಿಗೂ ಸೈ. ಒಂದು ಹಾಳೆಗೆ 10,48,576 ಸಾಲು, 16,384 ಕಾಲಂ. ಸೆಲ್ಲಪ್ಪ ಇದನ್ನು ಹೇಳುವ ಗತ್ತು ನೋಡಬೇಕು, ಅಷ್ಟೂ ಸೈಟುಗಳು ಅವನ ಹೆಸರಿಗೇ ರಿಜಿಸ್ಟರ್ ಆದಂತೆ.

ಮೊದಲ ಪೆಟ್ಟು ಕೊಟ್ಟದ್ದು ಸಿಗಡಿ. ದಿನಕ್ಕೆಷ್ಟು ಸಿಗುತ್ತದೆ ಎಂದರೆ ಒಬ್ಬರು ಮೂರು-ನಾಲ್ಕು ಕಿಲೊ ಅಂದರು. ಇವನು 3-4 ಎಂದು ಒತ್ತಿದ. ಎಕ್ಸೆಲ್ ಅದನ್ನು ಏಪ್ರಿಲ್ 3 ಎಂದು ಓದಿಕೊಂಡಿತು. ತಾರೀಖನ್ನು ಅದು 1900ರಿಂದ ದಿನ ಎಣಿಸಿ ಇಟ್ಟುಕೊಳ್ಳುವುದರಿಂದ, ಸೆಲ್ಲನ್ನು ಸಂಖ್ಯೆಗೆ ತಿರುಗಿಸಿದಾಗ ಆ ಬಡಪಾಯಿಯ ದಿನದ ಸಿಗಡಿ ನಲವತ್ತೈದು ಸಾವಿರ ಕಿಲೊ ದಾಟಿತ್ತು! ಆದರೆ ಇವನೊಬ್ಬನೇ ಮೋಸಹೋದವನಲ್ಲ. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಮನುಷ್ಯರ ಜೀನುಗಳನ್ನೂ ಎಕ್ಸೆಲ್ ತಾರೀಖು ಮಾಡಿ ಮಾಡಿ, ಕಡೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡುವ ಸಮಿತಿಯೇ ಸೋತು ಹೆಸರು ಬದಲಿಸಿತು. ಎಕ್ಸೆಲ್ ಮಾತ್ರ ಆಗ ಬದಲಾಗಲಿಲ್ಲ.

ನಿಜವಾದ ತಾರೀಖು ಬೇಕಾದ ಕಡೆ ಯಾರೂ ಕೊಡುತ್ತಿರಲಿಲ್ಲ. ಬಲೆ ಹಾಳಾದದ್ದು ಯಾವಾಗ? “ಎಣ್ಣೆ ಬಂದಾಗ.” ಯಾವ ಎಣ್ಣೆ? 2017ರ ಜನವರಿ 28ರಂದು ಬಂದರಿನಾಚೆ ಎರಡು ಹಡಗು ಡಿಕ್ಕಿ ಹೊಡೆದಾಗ ಬಂದದ್ದೋ, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜತೆ ಕೊಸಸ್ತಲೈ ನದಿಯ ಅಳಿವೆಗೆ ನುಗ್ಗಿದ್ದೋ? ಸೆಲ್ಲಪ್ಪ ‘ಎಣ್ಣೆ 1’, ‘ಎಣ್ಣೆ 2’ ಎಂದು ಎರಡು ಕಾಲಂ ತೆರೆದ. ಎಚ್ಚರಕ್ಕೆ ಮೂರನೆಯದನ್ನೂ ಖಾಲಿ ಬಿಟ್ಟ. ಅವನ ದೂರದೃಷ್ಟಿ ಕಂಡು ಮೀನುಗಾರರು ಸಿಟ್ಟಾದರು.

ಅವನ ಸುವರ್ಣ ಘಳಿಗೆಯೂ ಬಂತು. ನದಿಯ ಸ್ಥಿತಿಗೆ ಒಂದರಿಂದ ಐದರೊಳಗೆ ಅಂಕ ಕೊಡಿ ಎಂದಾಗ ಒಬ್ಬ ಅಣ್ಣ “ಪರವಾಯಿಲ್ಲೆ” ಎಂದ. ಕನ್ನಡದ ಕಿವಿಗೆ ಅದು ಪರವಾಗಿಲ್ಲ. ಸೆಲ್ಲಪ್ಪ 3 ಹಾಕಿದ. ಆಮೇಲೆ ಆ ಅಣ್ಣ ಅರ್ಧ ಗಂಟೆ ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿ ನದಿಯ ತಳದಲ್ಲಿ ಕೂತದ್ದು, ದೋಣಿ ನೆಲ ಕಚ್ಚುವುದು, ಏಡಿ ಕಾಣೆಯಾದದ್ದು ಎಲ್ಲ ಹೇಳಿದ. ಒಂದೊಂದು ಮಾತಿಗೂ ಒಂದು ಸಾಲು, ಪಕ್ಕದ ಕಾಲಮಿನಲ್ಲಿ ‘ಬೂದಿ’, ‘ದೋಣಿ’, ‘ಏಡಿ’ ಎಂಬ ಚೀಟಿ. ರಾತ್ರಿ ಫಿಲ್ಟರ್ ಒತ್ತಿ ಅಂಕ 3 ಕೊಟ್ಟವರ ಮಾತನ್ನಷ್ಟೇ ತೆಗೆದರೆ ಪರದೆಯ ತುಂಬ ಬೂದಿ. ಅಂಕವೂ ಮಾತೂ ಒಂದೇ ಸಾಲಿನಲ್ಲಿ ಕೂತು ಜಗಳವಾಡುತ್ತಿದ್ದವು. ಹುಡುಗ ಹಾಸ್ಟೆಲಿನ ಮಂಚದ ಮೇಲೆ ಎದ್ದು ನಿಂತ. ಪಾಪ, ಆ ಸಂಭ್ರಮದಲ್ಲಿ ಒಂದೇ ಕಾಲಮನ್ನು ಆರಿಸಿ ಸಾರ್ಟ್ ಮಾಡಿಬಿಟ್ಟ. ಬೆಳಗಾಗುವಷ್ಟರಲ್ಲಿ ದೋಣಿಯಣ್ಣನ ಗೋಳು ಬಂದರಿನ ಗುಮಾಸ್ತರೊಬ್ಬರ ಸಂಬಳದ ಪಕ್ಕ ಕೂತಿತ್ತು. ಅಂದಿನಿಂದ ಅವನ ಫೈಲುಗಳಿಗೆ ‘ಫೈನಲ್’, ‘ನಿಜವಾದ ಫೈನಲ್’, ‘ಮುಟ್ಟಬೇಡ’ ಎಂಬ ಹೆಸರುಗಳು.

ಕೈಯಲ್ಲೇ ತಡಕಾಡಿ ಸಿಗಡಿ ಹಿಡಿಯುವ ಅಜ್ಜಿಯೊಬ್ಬಳು ಒಮ್ಮೆ ತನ್ನ ಸಾಲು ತೋರಿಸೆಂದಳು. ಅವನು ಸೆಲ್ಲನ್ನು ಹಿಗ್ಗಿಸುತ್ತಾ ಹೋದ. ಸಾಲಿನ ಎತ್ತರ 409 ಪಾಯಿಂಟಿಗೆ ಮುಟ್ಟಿ ನಿಂತಿತು, ಅದಕ್ಕಿಂತ ಮೇಲೆ ಎಕ್ಸೆಲ್ ಬಿಡುವುದಿಲ್ಲ. ಅಜ್ಜಿಯ ಮಾತು ನಡುವೆಯೇ ಕತ್ತರಿಸಿಹೋಗಿತ್ತು.

“ಮಿಕ್ಕಿದ್ದೆಲ್ಲಿ?”

“ಒಳಗಿದೆ ಆಯಾ, ಕಾಣೋದಿಲ್ಲ ಅಷ್ಟೇ.”

“ಹಾಗಾದರೆ ಜಾಗ ಇದೆ ಅನ್ನು,” ಎಂದು ಅವಳು ಬುಟ್ಟಿ ಪಕ್ಕಕ್ಕಿಟ್ಟು, ಕಾಲು ಚಾಚಿ ಕೂತಳು.