ಒಂದು ಕೂಗಳತೆ ಹೆಚ್ಚುಕಮ್ಮಿ

ಸ್ಮಾರ್ಟ್‌ವಾಚ್ ಕಟ್ಟಿಕೊಂಡು ಬೆಳಗಾಗೆದ್ದು ಓಡುವ ಪಂಗಡಕ್ಕೆ ನಾನೂ ಸೇರಿದವನು. ಆದ್ದರಿಂದ ಆ ಪಂಗಡದ ಮಾನ ಕಳೆಯುವ ಅಧಿಕಾರ ಹೊರಗಿನವರಿಗಿಂತ ನನಗೇ ಹೆಚ್ಚು. ನಮ್ಮ ಮಣಿಕಟ್ಟಿಗೆ ಅಂಟಿಕೊಂಡ ಈ ಪ್ರಾಣಿ ಎರಡು ಬಗೆಯ ಮಾತಾಡುತ್ತದೆ. ನೀನು ಎಲ್ಲಿದ್ದೀಯ ಎನ್ನುವುದು ಒಂದು, ನೀನು ಎಷ್ಟು ದುಡಿದೆ ಎನ್ನುವುದು ಇನ್ನೊಂದು. ಮೊದಲನೆಯ ಮಾತನ್ನು ಬಹುಮಟ್ಟಿಗೆ ನಂಬಬಹುದು. ಅದನ್ನು ನಾವು ಕಿವಿಗೇ ಹಾಕಿಕೊಳ್ಳುವುದಿಲ್ಲ. ಎರಡನೆಯದು ಅಂದಾಜಿನ ಮೇಲೆ ಅಂದಾಜು ಪೇರಿಸಿ ಕಟ್ಟಿದ್ದು. ಅದನ್ನು ಮಾತ್ರ ದೀಪ ಮುಟ್ಟಿ ಆಣೆ ಇಡುವಷ್ಟು ನಂಬುತ್ತೇವೆ. ದೋಷ ಯಂತ್ರದ್ದಲ್ಲ, ಕಟ್ಟಿಕೊಂಡವರದು ಎಂಬುದು ನನ್ನ ವಾದ. ಪುರಾವೆ ಬೇಕೆನ್ನುವವರು ಯಾವುದಾದರೂ ಭಾನುವಾರ ಮುಂಜಾನೆ ಕಬ್ಬನ್ ಪಾರ್ಕಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಅಷ್ಟು ಬೇಗ ಏಳಲಾರದವರಿಗಾಗಿ ಮುಂದಿನ ಮಾತು.

‘ಎಲ್ಲಿ’ ಎಂಬುದು ಸಣ್ಣ ಪ್ರಶ್ನೆಯಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿರುವ ಜಿಪಿಎಸ್ ಉಪಗ್ರಹಗಳು ಹಳೆಯ ಕಾಲದ ಗಸ್ತಿನವನ ಹಾಗೆ ತಾವೆಲ್ಲಿದ್ದೇವೆ, ಗಂಟೆ ಎಷ್ಟು ಎಂದು ಕೂಗುತ್ತಾ ಹೋಗುತ್ತವೆ. ನಾಲ್ಕು ಉಪಗ್ರಹಗಳ ಕೂಗು ಎಷ್ಟೆಷ್ಟು ತಡವಾಗಿ ಬಂತು ಎಂದು ಎಣಿಸಿ ನಮ್ಮ ಗಡಿಯಾರ ತಾನಿರುವ ಜಾಗವನ್ನು ಕಂಡುಕೊಳ್ಳುತ್ತದೆ. ಬೆಳಕು ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂ.ಮೀ. ಹೋಗುವುದರಿಂದ ಎಣಿಕೆಯಲ್ಲಿ ಕೂದಲೆಳೆ ತಪ್ಪಿದರೂ ಜಾಗ ತಪ್ಪುತ್ತದೆ. ಆ ಉಪಗ್ರಹಗಳೊಳಗಿನ ಪರಮಾಣು ಗಡಿಯಾರಗಳು ಐನ್‌ಸ್ಟೈನ್ ಹೇಳಿದ ಕಾರಣಕ್ಕೆ ನೆಲದ ಗಡಿಯಾರಗಳಿಗಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಮೀರಿದ ತಪ್ಪು ಕೂಡಿಕೊಳ್ಳುತ್ತದೆ. ಜಯನಗರದಲ್ಲಿ ಓಡಿದವರು ಹೆಬ್ಬಾಳದಲ್ಲಿ ಬೆವರಬೇಕಾಗುತ್ತದೆ. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ ಬಿಡುತ್ತಿತ್ತು, ನೂರು ಮೀಟರಿನಷ್ಟು ಹೆಚ್ಚುಕಮ್ಮಿ. ಆಗ ಲಾಲ್‌ಬಾಗಿನ ಕೆರೆಯ ದಂಡೆಯಲ್ಲಿ ಓಡಿದ್ದರೆ ನಕ್ಷೆಯಲ್ಲಿ ನೀರಿನ ಮೇಲೆ ನಡೆದ ಮಹಿಮೆ ಬರುತ್ತಿತ್ತು. ಈಗ ಬಯಲಿನಲ್ಲಿ ತಪ್ಪು ಕೆಲವೇ ಮೀಟರು. ಜಿಪಿಎಸ್‌ನ ಹಾಗೆಯೇ ದಾರಿ ತೋರುವ ನಮ್ಮ ದೇಶದ್ದೇ ನಾವಿಕ್ ಉಪಗ್ರಹಗಳ ಪಥನಿರ್ದೇಶನ ಕೇಂದ್ರ ಬೆಂಗಳೂರಿನ ಮಗ್ಗುಲಲ್ಲೇ ಬ್ಯಾಲಾಳಿನಲ್ಲಿದೆ. ಹಾಗಿದ್ದೂ ಬ್ಯಾಲಾಳಿಗೆ ಹೋಗಬೇಕಾದವರು ಕಾರಿನ ಗಾಜು ಇಳಿಸಿ ಟೀ ಅಂಗಡಿಯವರನ್ನು ಕೇಳುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಕೇಳಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಕುಮಾರಪರ್ವತದ ಏರಿನಲ್ಲೋ ಕುದುರೆಮುಖದ ಹುಲ್ಲುಗಾವಲಿನಲ್ಲೋ ಟೀ ಅಂಗಡಿ ಇರುವುದಿಲ್ಲ. ಅಲ್ಲಿಗೆ ಹೊರಡುವ ಮುನ್ನ ಯಾರೋ ಮೊದಲು ನಡೆದು ದಾಖಲಿಸಿದ ದಾರಿಯ ಕಡತವನ್ನು, ನಮ್ಮವರ ಬಾಯಲ್ಲಿ ‘ಜಿಪಿಎಕ್ಸ್ ಫೈಲ’ನ್ನು, ಗಡಿಯಾರಕ್ಕೆ ಇಳಿಸಿಕೊಂಡಿರುತ್ತೇವೆ. ಗೆರೆ ಬಿಟ್ಟು ಸರಿದ ಕೂಡಲೇ ಅದು ಮಣಿಕಟ್ಟನ್ನು ನಡುಗಿಸಿ ‘ದಾರಿ ಬಿಟ್ಟಿದ್ದೀರಿ’ ಎನ್ನುತ್ತದೆ. ನಾವು ಏನು ಮಾಡುತ್ತೇವೆ? ಮುಂದೆ ಒಬ್ಬ ಕೆಂಪು ಟೀ ಶರ್ಟಿನವನು ಧೈರ್ಯವಾಗಿ ಹೋಗುತ್ತಿರುತ್ತಾನೆ, ಅವನ ಬೆನ್ನು ಹಿಡಿಯುತ್ತೇವೆ. ಆಕಾಶದ ನಾಲ್ಕು ಪರಮಾಣು ಗಡಿಯಾರಗಳು ಒಂದು ಕಡೆ, ಕೆಂಪು ಟೀ ಶರ್ಟು ಒಂದು ಕಡೆ, ಗೆಲ್ಲುವುದು ಶರ್ಟು. ಅವನು ಹಿಂತಿರುಗಿ ನೋಡಿ ‘ನೀವು ಬರ್ತಿದೀರಲ್ಲ, ಸರಿಯಾದ ದಾರಿಯೇ ಇರಬೇಕು ಅಂದ್ಕೊಂಡೆ’ ಎನ್ನುವವರೆಗೂ ಈ ಮೆರವಣಿಗೆ ಸಾಗುತ್ತದೆ. ದಟ್ಟ ಕಾಡಿನಲ್ಲಿ, ಕಣಿವೆಯ ಗೋಡೆಗಳ ನಡುವೆ ಸಂಕೇತ ಅಲ್ಲಿಲ್ಲಿ ಬಡಿದು ಬರುವುದರಿಂದ ಗಡಿಯಾರವೂ ತಡಬಡಿಸುತ್ತದಲ್ಲ ಎಂದು ನೀವು ಕೇಳಬಹುದು. ನಿಜ, ಹತ್ತಾರು ಮೀಟರ್ ಆಚೀಚೆ ಆಗುತ್ತದೆ. ಆದರೆ ದಾರಿ ತಪ್ಪಿದವರು ತಪ್ಪುವುದು ಹತ್ತಾರು ಮೀಟರ್ ಅಲ್ಲ, ಒಂದು ಗುಡ್ಡ.

ಗಡಿಯಾರವನ್ನು ಚಾಚೂ ತಪ್ಪದೆ ಅನುಸರಿಸಿಯೂ ಪೇಚಿಗೆ ಸಿಕ್ಕವರಿಲ್ಲವೇ ಎಂಬ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು. ಇದ್ದಾರೆ. ಆದರೆ ಆ ಗೆರೆ ಎಳೆದದ್ದು ಉಪಗ್ರಹವಲ್ಲ, ಮನುಷ್ಯ. ಮೊದಲು ನಡೆದ ಪುಣ್ಯಾತ್ಮ ಎಲ್ಲಿ ಕೂತು ಚಿತ್ರಾನ್ನ ತಿಂದ, ಎಲ್ಲಿ ಟೋಪಿ ಮರೆತು ವಾಪಸು ಓಡಿದ ಎಂಬುದೆಲ್ಲ ಆ ಗೆರೆಯಲ್ಲಿ ಶಾಸನದ ಹಾಗೆ ಕೆತ್ತಿರುತ್ತದೆ. ನೆಟ್ಟಗೆ ಹೋಗುತ್ತಿದ್ದ ಗೆರೆ ಇದ್ದಕ್ಕಿದ್ದಂತೆ ಎಡಕ್ಕೆ ಹೊರಳಿ, ಒಂದು ಪೊದೆಯ ಹಿಂದೆ ಸಣ್ಣ ಗಂಟು ಹಾಕಿಕೊಂಡು, ಮತ್ತೆ ಹಾದಿಗೆ ಬಂದಿತೆಂದರೆ ಅಲ್ಲಿ ಜಲಪಾತವಿರುವುದಿಲ್ಲ. ಆ ಪುಣ್ಯಾತ್ಮನಿಗೆ ಆಗ ಏನೋ ಅವಸರವಾಗಿತ್ತು ಅಷ್ಟೆ. ಕಡತವನ್ನು ನಂಬಿ ಬಂದ ಹನ್ನೆರಡು ಜನ ಸಾಲಾಗಿ ಆ ಪೊದೆಯ ಹಿಂದಕ್ಕೆ ಹೋಗಿ, ಇಲ್ಲಿ ನೋಡಬೇಕಾದ್ದು ಏನು ಎಂದು ಗಂಭೀರವಾಗಿ ಸುತ್ತ ಕಣ್ಣಾಡಿಸಿ ಬರುವುದಿದೆಯಲ್ಲ, ಅದಕ್ಕೆ ಯಾವ ಉಪಗ್ರಹ ಹೊಣೆ?

ಇನ್ನು ‘ಎಷ್ಟು’. ಗಡಿಯಾರ ದೂರ ಅಳೆಯುವುದು ತಾನು ಕಂಡುಕೊಂಡ ಜಾಗಗಳ ಚುಕ್ಕಿಗಳನ್ನು ಕೂಡಿಸಿ. ಪ್ರತಿ ಚುಕ್ಕಿಯೂ ಕೊಂಚ ಆಚೀಚೆ ಬೀಳುವುದರಿಂದ ನೆಟ್ಟಗೆ ಓಡಿದವನ ಗೆರೆಯೂ ಹಾವಿನಂತೆ ಹೊಯ್ದಾಡುತ್ತದೆ, ಹೊಯ್ದಾಟ ದೂರಕ್ಕೆ ಜಮೆಯಾಗುತ್ತದೆ. ಜಿಪಿಎಸ್ ದೂರಗಳು ಸರಾಸರಿಯಲ್ಲಿ ನಿಜಕ್ಕಿಂತ ಹೆಚ್ಚೇ ಬರುತ್ತವೆ ಎಂದು 2016ರಲ್ಲಿ ಸಂಶೋಧಕರು ಗಣಿತ ಹಾಕಿಯೇ ತೋರಿಸಿದರು. ಆಚೀಚಿನ ತಪ್ಪುಗಳು ಒಂದಕ್ಕೊಂದು ವಜಾ ಆಗಬೇಕಲ್ಲವೇ ಎಂದರೆ, ಇಲ್ಲ. ಎಡಕ್ಕೆ ತೂರಾಡಿದ ಕುಡುಕ ಬಲಕ್ಕೂ ತೂರಾಡಿದ ಮಾತ್ರಕ್ಕೆ ಅವನ ದಾರಿ ಕಮ್ಮಿಯಾಗುವುದಿಲ್ಲ. ಮ್ಯಾರಥಾನ್ ಮುಗಿಸಿದವರ ಜಗಳ ಹುಟ್ಟುವುದು ಇಲ್ಲೇ. ಓಟದ ದೂರ 42.195 ಕಿ.ಮೀ. ಅದನ್ನು ಅಳೆಯುವವರು ಗಾಲಿಗೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆಯಂತ್ರ ಸಿಕ್ಕಿಸಿದ ಸೈಕಲ್ಲಿನಲ್ಲಿ ಹೊರಡುತ್ತಾರೆ. ಉಕ್ಕಿನ ಟೇಪಿನಿಂದ ಅಳೆದ ನೇರ ದಾರಿಯ ಮೇಲೆ ಅದನ್ನು ಮೊದಲೂ ಕೊನೆಗೂ ಪರೀಕ್ಷಿಸುತ್ತಾರೆ, ತಿರುವುಗಳಲ್ಲಿ ಅಂಚಿನಿಂದ 30 ಸೆಂ.ಮೀ. ಬಿಟ್ಟು ಅತಿ ಹತ್ತಿರದ ಹಾದಿಯಲ್ಲೇ ಹೋಗುತ್ತಾರೆ, ಅಷ್ಟಾಗಿಯೂ ಎಲ್ಲಿ ಕಮ್ಮಿ ಬೀಳುವುದೋ ಎಂದು ಕಿಲೋಮೀಟರಿಗೆ ಒಂದು ಮೀಟರ್ ಮೇಲೆ ಹಾಕುತ್ತಾರೆ. ಇಷ್ಟು ಮಡಿಯಿಂದ ಅಳೆದ ದಾರಿಯನ್ನು, ಪ್ರತಿ ತಿರುವಿನಲ್ಲೂ ಹೊರಬದಿ ಹಿಡಿದು, ನೀರಿನ ಮೇಜಿಗೂ ಫೋಟೋ ತೆಗೆಯುವವನ ಕಡೆಗೂ ಅಡ್ಡಹಾಯ್ದು ಮುಗಿಸಿದವನು, ಗಡಿಯಾರದಲ್ಲಿ 42.6 ನೋಡಿ ಸಂಘಟಕರ ಮೇಲೆ ಹರಿಹಾಯುತ್ತಾನೆ: ‘ನಾನೂರು ಮೀಟರ್ ಜಾಸ್ತಿ ಓಡಿಸಿದ್ದೀರಿ!’ ಇಂಥವರನ್ನು ಕಂಡರೆ ನನಗೆ ನಗುವಿಗಿಂತ ಮೊದಲು ಸಿಟ್ಟು ಬರುತ್ತದೆ. ತಕ್ಕಡಿ ಹಿಡಿದವನಿಗೆ ತೂಕ ಕಲಿಸಲು ಹೋಗುವ ಈ ಚಾಳಿ ಓಟಕ್ಕಷ್ಟೇ ಸೀಮಿತವಲ್ಲ.

ಆದರೆ ನಮ್ಮ ಪಂಗಡದ ನಿಜವಾದ ಪೂಜಾವಿಧಿ ನೋಡಬೇಕಾದರೆ ಯಾವುದೇ ಬಡಾವಣೆಯಲ್ಲಿ ಬೆಳಗ್ಗೆ ಆರೂಮುಕ್ಕಾಲಿಗೆ ಗೇಟಿನ ಬಳಿ ಕಾಯಬೇಕು. ಓಟಗಾರ ಮನೆಗೆ ಬಂದಿದ್ದಾನೆ. ಗಡಿಯಾರ 4.97 ಎನ್ನುತ್ತಿದೆ. ಒಳಗೆ ಕಾಫಿ ಸೋಸುವ ಪರಿಮಳ, ಹೊರಗೆ ಮೂವತ್ತು ಮೀಟರ್ ಬಾಕಿ. 4.97 ಎಂಬ ಅಂಕಿಯನ್ನು ಇಟ್ಟುಕೊಂಡು ಮನೆಯೊಳಗೆ ಹೋಗುವುದು ಮಂಗಳಾರತಿಗೆ ಮುಂಚೆ ದೇವಸ್ಥಾನದಿಂದ ಎದ್ದು ಬಂದ ಹಾಗೆ. ಆದ್ದರಿಂದ ಗೇಟಿನೆದುರು ನಿಲ್ಲಿಸಿದ ಪುಟ್ಟ ಮಾರುತಿ ಕಾರಿಗೆ ಪ್ರದಕ್ಷಿಣೆ ಆರಂಭವಾಗುತ್ತದೆ. ಒಂದು ಸುತ್ತಿಗೆ ಹದಿನಾಲ್ಕು ಹದಿನೈದು ಮೀಟರ್. ಎರಡು ಸುತ್ತಿಗೆ ಕೆಲಸ ಆಗಬೇಕು. ಆಗುವುದಿಲ್ಲ. ಸೆಕೆಂಡಿಗೊಂದು ಚುಕ್ಕಿ ಇಡುವ ಗಡಿಯಾರ ಸಣ್ಣ ವೃತ್ತದ ಮೂಲೆಗಳನ್ನು ಕತ್ತರಿಸುತ್ತದೆ. ಆ ವೃತ್ತವೋ ಅದರ ತಪ್ಪಿನ ಅಳತೆಯೊಳಗೇ ಪೂರ್ತಿ ಅಡಗಿ ಕೂತಿರುತ್ತದೆ. ಗಡಿಯಾರದ ದೃಷ್ಟಿಯಲ್ಲಿ ಆಸಾಮಿ ನಿಂತಲ್ಲೇ ತೊನೆಯುತ್ತಿದ್ದಾನೆ. ಮೂರನೆಯ ಸುತ್ತಿಗೆ 4.98. ರಂಗೋಲಿ ಹಾಕುತ್ತಿದ್ದ ಎದುರು ಮನೆಯ ಅಜ್ಜಿ ಕೈ ನಿಲ್ಲಿಸಿ, ಕಾರಿನ ಸಾಲ ತೀರಿದ ಹರಕೆಯಿರಬೇಕೆಂದು ಮನಸ್ಸಿನಲ್ಲೇ ಕೈಮುಗಿಯುತ್ತಾರೆ. ಐದನೆಯ ಸುತ್ತಿಗೆ ಬೀದಿನಾಯಿ ಹಿಂದೆ ಸೇರಿಕೊಳ್ಳುತ್ತದೆ, ಅದಕ್ಕೆ ಏಕೆಂದು ಗೊತ್ತಿಲ್ಲ, ಆದರೆ ಸುತ್ತುವುದರ ಬಗ್ಗೆ ಅದಕ್ಕೆ ತಾತ್ವಿಕ ವಿರೋಧವಿಲ್ಲ. ಕಾರಿನ ಮಾಲೀಕ ಬಾಲ್ಕನಿಯಿಂದ ಇಣುಕುತ್ತಾನೆ. ಓಟಗಾರ ಕೈ ಬೀಸುತ್ತಾನೆ, ಬೀಸಿದ ಕೈಯಲ್ಲೇ ಗಡಿಯಾರ ಇದ್ದದ್ದರಿಂದ ಅಂಕಿ ಕಾಣದೆ ಇನ್ನೊಂದು ಸುತ್ತು ಹೆಚ್ಚಾಗುತ್ತದೆ. 4.99. ಈ 4.99 ಎಂಬ ಅಂಕಿ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು. ಕೆಳಗೂ ಇಳಿಯದು, ಮೇಲಕ್ಕೂ ಬಾರದು. ಕೊನೆಗೆ 5.00 ಮೂಡಿ ಗಡಿಯಾರ ಗುನುಗುಟ್ಟಿದಾಗ ಮುಖದಲ್ಲಿ ಕಾಣುವ ಕಳೆಯನ್ನು ಹತ್ತಿರದ ದೇವಸ್ಥಾನದಲ್ಲಿ ನಾನು ಕಂಡಿಲ್ಲ. ಈಗ ಲೆಕ್ಕ ನೋಡಿ: ಐದು ಕಿಲೋಮೀಟರಿನಲ್ಲಿ ಶೇಕಡಾ ಒಂದು ತಪ್ಪು ಎಂದರೆ 50 ಮೀಟರ್. ಬೆನ್ನಟ್ಟಿದ್ದು 30 ಮೀಟರ್. ಅಂದರೆ ಗೇಟಿಗೆ ಬರುವ ಮೊದಲೇ ಐದು ಮುಗಿದಿದ್ದರೂ ಮುಗಿದಿರಬಹುದು, ಪ್ರದಕ್ಷಿಣೆಯ ನಂತರವೂ ಮುಗಿಯದೆ ಇರಬಹುದು. ಇದು ಗೊತ್ತಿದ್ದೂ ಸುತ್ತುವವರಿದ್ದಾರೆ. ಗೊತ್ತಿದ್ದೂ ಸುತ್ತಿ, ಸುತ್ತುವುದರ ವಿರುದ್ಧ ಪ್ರಬಂಧ ಬರೆಯುವವರೂ ಇದ್ದಾರೆ.

ಉಳಿದ ಅಂಕಿಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಸ್ಟ್ಯಾನ್‌ಫರ್ಡಿನವರು 2017ರಲ್ಲಿ ಮಣಿಕಟ್ಟಿನ ಏಳು ಸಾಧನಗಳನ್ನು ಪರೀಕ್ಷೆಗೆ ಕೂರಿಸಿದರು. ಎದೆಬಡಿತದಲ್ಲಿ ಆರು ಪಾಸಾದವು, ಶೇಕಡಾ 5ರೊಳಗಿನ ತಪ್ಪು. ಕ್ಯಾಲೊರಿಯಲ್ಲಿ ಮಾತ್ರ ತರಗತಿಗೇ ಮೊದಲಿಗ ಶೇಕಡಾ 27, ಕೊನೆಯವ ಶೇಕಡಾ 93 ತಪ್ಪಿದ್ದ. ತಪ್ಪು ಯಾವ ದಿಕ್ಕಿಗೂ ಇರಬಹುದು. ನಾವದನ್ನು ಮಸಾಲೆದೋಸೆಯ ದಿಕ್ಕಿಗೆ ಎಂದು ಓದಿಕೊಂಡು ಹೋಟೆಲಿನತ್ತ ತಿರುಗುತ್ತೇವೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಧರ್ಮಶಾಸ್ತ್ರ ಯಾವ ವೈದ್ಯನದೂ ಅಲ್ಲ. ಟೋಕಿಯೊ ಒಲಿಂಪಿಕ್ಸಿನ ಮರುವರ್ಷ, 1965ರಲ್ಲಿ, ಜಪಾನಿನ ಒಂದು ಕಂಪನಿ ಮಾರಿದ ಹೆಜ್ಜೆಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದಿತ್ತು, ಅದೇ ಶಾಸ್ತ್ರವಾಯಿತು. ಅಮೆರಿಕದ ಹದಿನಾರು ಸಾವಿರಕ್ಕೂ ಹೆಚ್ಚು ಹಿರಿಯ ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆಜ್ಜೆ ಹೆಚ್ಚಿದಂತೆ ಸಾವಿನ ಅಪಾಯ ಇಳಿಯುವುದು ಸುಮಾರು 7,500ಕ್ಕೇ ನಿಂತುಹೋಯಿತು. ಮಿಕ್ಕ ಎರಡೂವರೆ ಸಾವಿರವನ್ನು ನಾವು ರಾತ್ರಿ ಹನ್ನೊಂದಕ್ಕೆ ಹಾಲ್‌ನಲ್ಲಿ ನಡೆದು, ಮಲಗಿದವರ ನಿದ್ದೆ ಕೆಡಿಸಿ ಸಂಪಾದಿಸುತ್ತೇವೆ.

ಹೆಜ್ಜೆ ಎಣಿಸುವುದೂ ಕಾಲನ್ನು ನೋಡಿ ಅಲ್ಲ, ಕೈ ಬೀಸುವುದನ್ನು ನೋಡಿ. ರಾಮನವಮಿಯ ಕಛೇರಿಯಲ್ಲಿ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಆದಿತಾಳ ಹಾಕುವವರಿಗೆ ತನಿ ಆವರ್ತನ ಮುಗಿಯುವಷ್ಟರಲ್ಲಿ ಒಂದಿಷ್ಟು ಹೆಜ್ಜೆ ಪುಕ್ಕಟೆ ದಕ್ಕಬಹುದು. ಎರಡೂ ಕೈಯಲ್ಲಿ ಏನನ್ನಾದರೂ ಹಿಡಿದು ತಳ್ಳುತ್ತಾ ಹೋದರೆ ಮಾತ್ರ ಕೈ ಬೀಸುವುದಿಲ್ಲ, ಲೆಕ್ಕ ಸೋರಿಹೋಗುತ್ತದೆ. ನಾವು ಓಟಕ್ಕೆ ಇಳಿಯುವ ಹೊತ್ತಿಗಾಗಲೇ ಅರ್ಧ ವಾರ್ಡು ಗುಡಿಸಿ ಕಸದ ಗಾಡಿ ತಳ್ಳಿಕೊಂಡು ಬರುತ್ತಿರುವ ಪೌರಕಾರ್ಮಿಕ ಹೆಂಗಸಿನ ಕೈಗೆ ನಮ್ಮ ಗಡಿಯಾರ ಕಟ್ಟಿದರೆ, ಆಕೆ ಬಹಳ ಹೊತ್ತಿನಿಂದ ಕೂತಿದ್ದಾಳೆ, ಎದ್ದು ಸ್ವಲ್ಪ ಓಡಾಡಲಿ ಎಂದು ಅದು ಸಲಹೆ ಕೊಟ್ಟರೂ ಕೊಟ್ಟೀತು. ಆಕೆಯ ಗಾಡಿಗೆ ದಾರಿ ಬಿಡಲು ಒಂದು ಕ್ಷಣ ನಿಲ್ಲಬೇಕಾಗಿ ಬಂದರೆ ನಾವು ಗೊಣಗುತ್ತಾ ಗಡಿಯಾರದ ವಿರಾಮದ ಗುಂಡಿ ಒತ್ತುತ್ತೇವೆ, ಸರಾಸರಿ ವೇಗ ಕೆಡಬಾರದೆಂದು.

ಹಾಗಾದರೆ ಬಿಚ್ಚಿ ಎಸೆಯಿರಿ ಎನ್ನುವವರಿಗೆ ನನ್ನ ಉತ್ತರವಿದೆ. ಪ್ರತಿದಿನ ಒಂದೇ ಬಗೆಯಲ್ಲಿ ತಪ್ಪುವ ತಕ್ಕಡಿ ತೂಕ ಹೇಳದಿದ್ದರೂ ಏರಿತೋ ಇಳಿಯಿತೋ ಹೇಳುತ್ತದೆ. ಇಂದಿನ ಎದೆಬಡಿತವನ್ನು ಹೋದ ತಿಂಗಳದಕ್ಕೆ ಹೋಲಿಸುವುದಕ್ಕೆ, ಅದೇ ದಾರಿಯನ್ನು ಅದೇ ಗಡಿಯಾರದಲ್ಲಿ ನೋಡುವುದಕ್ಕೆ ಅದು ಧಾರಾಳ ಸಾಕು. ಸುಳ್ಳು ಅಂಕಿಯಾದರೂ ಜನರನ್ನು ಹಾಸಿಗೆಯಿಂದ ಎಬ್ಬಿಸುತ್ತದಲ್ಲ ಎಂಬ ವಾದವನ್ನೂ ಒಪ್ಪುತ್ತೇನೆ, ನಾನು ಏಳುವುದೂ ಅದರಿಂದಲೇ. ಒಪ್ಪಲಾಗದ್ದು ದಶಮಾಂಶದ ಮೇಲಿನ ಆ ಭಕ್ತಿ. ನೀನು ದಾರಿ ತಪ್ಪಿದ್ದೀಯ ಎನ್ನುವ ಗಡಿಯಾರ ನಮಗೆ ಅಧಿಕಪ್ರಸಂಗಿ. ನೀನು 612 ಕ್ಯಾಲೊರಿ ಸುಟ್ಟೆ ಎನ್ನುವ ಅದೇ ಗಡಿಯಾರ ವಿಜ್ಞಾನಿ. ಹೊಗಳುಭಟ್ಟನಿಗೆ ಗುಮಾಸ್ತನ ಕೋಟು ತೊಡಿಸಿದವರು ನಾವು. ನಮ್ಮ ಹಿಂದಿನವರು ದೂರವನ್ನು ಹರದಾರಿಯಲ್ಲಿ, ಗಾವುದದಲ್ಲಿ, ಕೂಗಳತೆಯಲ್ಲಿ ಹೇಳುತ್ತಿದ್ದರು. ಕೂಗಳತೆ ಕೂಗುವವನ ಗಂಟಲಿಗೂ ಕೇಳುವವನ ಕಿವಿಗೂ ಗಾಳಿಯ ದಿಕ್ಕಿಗೂ ತಕ್ಕಂತೆ ಬದಲಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು, ಅಳತೆಯ ಜೊತೆಗೇ ಅದರ ತಪ್ಪೂ ಹೆಸರಿನಲ್ಲೇ ಅಡಕವಾಗಿತ್ತು. ಕೂಗಳತೆಗೆ ಮೂವತ್ತು ಮೀಟರ್ ಕಮ್ಮಿ ಬಿತ್ತೆಂದು ಯಾರೂ ಎತ್ತಿನಗಾಡಿಗೆ ಪ್ರದಕ್ಷಿಣೆ ಹಾಕಲಿಲ್ಲ. ಗಡಿಯಾರ ಮಾಡುವವರು ಮನಸ್ಸು ಮಾಡಿದರೆ ಅದೇ ಪ್ರಾಮಾಣಿಕತೆಯನ್ನು ಪರದೆಯ ಮೇಲೂ ತರಬಹುದು. 5.00 ಎಂಬ ಸೊಕ್ಕಿನ ಅಂಕಿಯ ಬದಲು ‘ಐದು ಕಿಲೋಮೀಟರ್, ಒಂದು ಕೂಗಳತೆ ಹೆಚ್ಚುಕಮ್ಮಿ’ ಎಂದು ತೋರಿಸಿದರೆ ಸಾಕು. ಅಂಥ ಗಡಿಯಾರ ಬಂದರೆ ಯಾರೂ ಕೊಳ್ಳುವುದಿಲ್ಲ. ಮೊದಲು ಬೇಡ ಎನ್ನುವವನು ನಾನೇ.