ಬೂಸ್ಟ್‌ಕಾಲೀನ ಮುಗ್ಗರಿಕೆ: ಒಂದು ತೌಲನಿಕ ಅಧ್ಯಯನ

1. ವಿಷಯ ಪ್ರವೇಶ

ಟರ್ಬೋ ಕಾರು ಊರೊಳಗೆ ಸಾಧು. ಸಿಗ್ನಲ್ಲಿನಲ್ಲಿ ನಿಂತಾಗ ಇಂಜಿನ್ ಆನ್ ಇದೆಯೋ ಇಲ್ಲವೋ ತಿಳಿಯದಷ್ಟು ಸೌಮ್ಯ. ಅದೇ ಕಾರು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ಟ್ಯಾಂಕರ್ ಹಿಂದಿಕ್ಕಲೆಂದು ಆಕ್ಸಿಲರೇಟರ್ ಒತ್ತಿದರೆ, ಒಮ್ಮೆ ನುಗ್ಗಿ, ಎರಡು ಸಲ ಜರ್ಕ್ ಹೊಡೆದು, ಸರಿಯಾಗಿ ಟ್ಯಾಂಕರಿನ ಮಗ್ಗುಲಲ್ಲೇ ಆಲೋಚನಾಮಗ್ನವಾಗುತ್ತದೆ. ಈ ವಿದ್ಯಮಾನವನ್ನು ಪ್ರಸ್ತುತ ಪ್ರಬಂಧದಲ್ಲಿ ‘ಬೂಸ್ಟ್‌ಕಾಲೀನ ಮುಗ್ಗರಿಕೆ’ ಎಂದು ಕರೆಯಲಾಗಿದೆ. ಗ್ಯಾರೇಜುಗಳ ಮೌಖಿಕ ಪರಂಪರೆಯಲ್ಲಿ ಇದಕ್ಕೆ ‘ಪಿಕಪ್ ಇಲ್ಲ’, ‘ಎಳೀತಿಲ್ಲ’, ‘ಮಿಸ್ಸಿಂಗ್ ಹೊಡೀತಿದೆ’ ಎಂಬ ಪಾಠಾಂತರಗಳಿವೆ.

ಅಧ್ಯಯನದ ಮಿತಿ: ಟರ್ಬೋ ಲ್ಯಾಗ್ ಇದರ ವ್ಯಾಪ್ತಿಗೆ ಬರುವುದಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಹೊಗೆಯ ರಭಸ ಸಾಲದೆ ಟರ್ಬೈನ್ ವೇಗ ಹಿಡಿಯಲು ತಡವಾಗುತ್ತದೆ. ಅದು ಹುಟ್ಟುಗುಣ, ಸುಟ್ಟರೂ ಹೋಗದು. ಬೂಸ್ಟ್, ಅಂದರೆ ಟರ್ಬೋ ತುಂಬುವ ಗಾಳಿಯ ಒತ್ತಡ, ಏರಿದ ಮೇಲೆ ಬರುವ ಜರ್ಕ್ ಮಾತ್ರ ರೋಗ.

2. ಪೂರ್ವಸೂರಿಗಳು ಮತ್ತು ಕಾಲನಿರ್ಣಯ

ವ್ಯರ್ಥವಾಗಿ ಹೋಗುವ ಹೊಗೆಯಿಂದ ಚಕ್ರ ತಿರುಗಿಸಿ, ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಕೋರಿದರು. ಮುಗ್ಗರಿಕೆಯ ಬಗ್ಗೆ ಈ ಮೂಲಪುರುಷರ ಅಭಿಪ್ರಾಯ ಪ್ರಸ್ತುತ ಲೇಖಕನ ಕೈಗೆ ಸಿಕ್ಕಿಲ್ಲವಾದ್ದರಿಂದ ಅವರು ಲೇಖಕನ ಮತವನ್ನೇ ಹೊಂದಿದ್ದರೆಂದು ಭಾವಿಸಲಾಗಿದೆ.

ಕಾಲನಿರ್ಣಯಕ್ಕೆ ಗಟ್ಟಿ ಆಧಾರ ದೊರೆಯುವುದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಕಾರಿನಲ್ಲಿ. ಅದರ 3.5 ಲೀಟರಿನ ವಿ8 ಇಂಜಿನ್ 215 ಅಶ್ವಶಕ್ತಿ ಕೊಡುತ್ತಿತ್ತು. ಬೂಸ್ಟ್ ಬಂದಾಗ ಇಂಜಿನ್ ನಾಕಿಂಗ್ ಹೊಡೆಯದಿರಲೆಂದು ನೀರು ಮತ್ತು ಮೆಥನಾಲ್ ಬೆರೆಸಿದ ತೀರ್ಥವೊಂದನ್ನು ಬೇರೆ ಟ್ಯಾಂಕಿಗೆ ತುಂಬಬೇಕಿತ್ತು. ತೀರ್ಥದ ಹೆಸರು ‘ಟರ್ಬೋ ರಾಕೆಟ್ ಫ್ಲೂಯಿಡ್’. ಅದು ಮುಗಿದರೆ ಕಾರು ತಾನೇ ಬೂಸ್ಟ್ ತಗ್ಗಿಸುತ್ತಿತ್ತು. ಮಾಲೀಕರು ತುಂಬಿಸಲು ಮರೆತರು, ಕಾರು ಸೊರಗಿತು, ಅನೇಕರು ಟರ್ಬೋವನ್ನೇ ಕಿತ್ತುಹಾಕಿಸಿದರು. ಖಾಲಿ ಟ್ಯಾಂಕನ್ನು ಬಿಟ್ಟು ದುಬಾರಿ ಭಾಗದ ಮೇಲೆ ಕೈಹಾಕುವ ಪದ್ಧತಿ 1960ರ ದಶಕದಷ್ಟು ಪ್ರಾಚೀನವೆಂದು ಇದರಿಂದ ಸಿದ್ಧವಾಗುತ್ತದೆ.

3. ಪ್ರಚಲಿತ ಪಂಥಗಳು

ಅ) ಟರ್ಬೋಪಂಥ. ಬಾನೆಟ್ ತೆರೆಯುವ ಮೊದಲೇ ‘ಟರ್ಬೋನೇ ಹೋಗಿದೆ ಸಾರ್’ ಎನ್ನುವುದು ಇವರ ಮೂಲಮಂತ್ರ. ಆಧಾರ ಕೇಳಿದರೆ ‘ಇಪ್ಪತ್ತು ವರ್ಷದ ಸರ್ವಿಸು’ ಎಂಬ ಆಪ್ತವಾಕ್ಯ ಪ್ರಮಾಣವಾಗಿ ಬರುತ್ತದೆ.

ಆ) ಬಂಕ್‌ಪಂಥ. ಇದರ ಅನುಯಾಯಿಗಳೆಲ್ಲ ಕಾರಿನ ಮಾಲೀಕರು. ‘ಆ ಬಂಕಲ್ಲಿ ಹಾಕಿಸಿದ ಮೇಲೇ ಶುರುವಾಗಿದ್ದು’ ಎಂಬುದು ಸಿದ್ಧಾಂತ. ಎರಡು ಟ್ಯಾಂಕ್ ಬೇರೆ ಕಡೆ ತುಂಬಿಸಿದ ಮೇಲೂ ಜರ್ಕ್ ಉಳಿದರೆ ಸಿದ್ಧಾಂತ ಬದಲಾಗುವುದಿಲ್ಲ, ಬಂಕು ಬದಲಾಗುತ್ತದೆ. ಡೀಸೆಲ್ ಕಾರಿನಲ್ಲಿ ಕಟ್ಟಿಕೊಂಡ ಫ್ಯೂಯಲ್ ಫಿಲ್ಟರ್ ಏರಿನಲ್ಲಿ ಉಸಿರು ಕಟ್ಟಿಸುವುದುಂಟು. ಹೀಗಾಗಿ ಈ ಪಂಥ ಆಗಾಗ ಅಕಸ್ಮಾತ್ತಾಗಿ ಗೆಲ್ಲುತ್ತದೆ.

ಇ) ಸ್ಕ್ಯಾನರ್‌ಪಂಥ. ಸ್ಕ್ಯಾನರ್ ನುಡಿದದ್ದೇ ವೇದವಾಕ್ಯ. ಪಿ0299 ಎಂದರೆ ಬೂಸ್ಟ್ ಸಾಲದು, ಪಿ0234 ಎಂದರೆ ಹೆಚ್ಚಾಯಿತು. ಸ್ವಾರಸ್ಯವೆಂದರೆ ಚಾಲಕನಿಗೆ ಎರಡೂ ಒಂದೇ ಅನುಭವ. ಬೂಸ್ಟ್‌ಗೆ ಮಿತಿ ಹಾಕುವ ವೇಸ್ಟ್‌ಗೇಟಿಗೆ ಗಾಳಿ ಒಯ್ಯುವ ಬೆರಳು ಗಾತ್ರದ ಪೈಪ್ ಸೀಳಿದರೆ ಬೂಸ್ಟ್ ಮಿತಿಮೀರುತ್ತದೆ, ಇಂಜಿನ್ ಉಳಿಸಲು ಅದರ ಕಂಪ್ಯೂಟರ್ ಆದ ಇಸಿಯು ಶಕ್ತಿ ಕಡಿತ ಮಾಡುತ್ತದೆ. ಅತಿಯಾದರೆ ಅಮೃತವೂ ವಿಷ. ಕೋಡ್ ಹೇಳುವುದು ಲಕ್ಷಣ. ಲಕ್ಷಣಗ್ರಂಥವನ್ನೇ ಕಾವ್ಯವೆಂದು ಓದುವ ಇವರು ಪಿ0299 ಕಂಡೊಡನೆ ಟರ್ಬೋಪಂಥದಲ್ಲಿ ಲೀನವಾಗುತ್ತಾರೆ.

ಮೂರೂ ಪಂಥಗಳು ಪರಸ್ಪರ ಖಂಡಿಸುತ್ತವೆಯಾದರೂ ಒಂದು ವಿಷಯದಲ್ಲಿ ಒಮ್ಮತವಿದೆ: ಕಾರನ್ನು ಯಾರೂ ಕೇಳತಕ್ಕದ್ದಲ್ಲ.

4. ಸ್ವಮತ ಸ್ಥಾಪನೆ

ಕಾರು ತನ್ನ ಕಾಯಿಲೆಯ ವೇಳೆಯನ್ನು ತಾನೇ ಹೇಳುತ್ತಿದೆ. ಐಡಲಿಂಗಿನಲ್ಲಿ ಇಲ್ಲ, ಸಮತಟ್ಟಿನಲ್ಲಿ ಇಲ್ಲ, ಬೂಸ್ಟ್‌ನಲ್ಲಿ ಮಾತ್ರ ಇದೆ. ಬೂಸ್ಟ್‌ನಲ್ಲಿ ಹೊಸದಾಗಿ ಬರುವುದು ಒತ್ತಡ. ಆದ್ದರಿಂದ ಒತ್ತಡ ಬಂದಾಗ ಯಾರು ಸೋಲುತ್ತಾರೆ ಎಂದು ಹುಡುಕುವುದೇ ಸಂಶೋಧನೆ.

ಮೊದಲ ಶಂಕಿತ, ಪೆಟ್ರೋಲ್ ಕಾರಿನ ಪ್ಲಗ್. ಸಿಲಿಂಡರಿನಲ್ಲಿ ಗಾಳಿ ದಟ್ಟವಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ತುದಿ ಸವೆದು 0.7 ಮಿಲಿಮೀಟರಿನ ಸಂದು 0.9 ಆಗಿದ್ದರೆ ಸಿಗ್ನಲ್ಲಿನಲ್ಲಿ ಕಿಡಿ ಹಾರುತ್ತದೆ, ಘಾಟಿಯಲ್ಲಿ ಹಾರದು. ಫೀಲರ್ ಗೇಜ್ ತೂರಿಸಿದರೆ ಎರಡು ನಿಮಿಷದ ಕೆಲಸ. ಇನ್ನು ಇಗ್ನಿಷನ್ ಕಾಯಿಲ್: ಒಂದನೇ ಸಿಲಿಂಡರ್ ಮಿಸ್ಸಿಂಗ್ ಎನ್ನುವ ಪಿ0301 ಬಂದಿದ್ದರೆ ಅದರ ಕಾಯಿಲನ್ನು ಎರಡನೆಯದಕ್ಕೆ ಹಾಕಿ ನೋಡಿ. ಕೋಡ್ ಕೂಡ ಪಿ0302 ಆಗಿ ಹಿಂಬಾಲಿಸಿದರೆ ಕಳ್ಳ ಕಾಯಿಲೇ.

ಎರಡನೆಯ ಶಂಕಿತ, ಇಂಟರ್‌ಕೂಲರಿನ ಹೋಸ್ ಪೈಪ್. ಒಳವ್ಯಾಸ 5 ಸೆಂಟಿಮೀಟರ್ ಇರುವ ಪೈಪಿನಲ್ಲಿ 1 ಬಾರ್ ಬೂಸ್ಟ್ ಬಂದರೆ ಜೋಡಣೆಯನ್ನು ಕಳಚುವಂತೆ ತಳ್ಳುವ ಬಲ ಸುಮಾರು 20 ಕೆಜಿ. ಇದಕ್ಕೆ ಎದುರಾಗಿ ನಿಂತಿರುವುದು ಒಂದು ತಗಡಿನ ಕ್ಲಿಪ್. ಅದರ ಸುತ್ತ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಅದೇ ಶಿಲಾಶಾಸನ, ಓದಲು ಲಿಪಿತಜ್ಞರು ಬೇಡ. ಪೈಪಿನಲ್ಲೇ ಸೀಳಿದ್ದರೆ ಅದು ತಣ್ಣಗಿದ್ದಾಗ ತುಟಿ ಮುಚ್ಚಿಕೊಂಡಿರುತ್ತದೆ. ಪೈಪಿಗೆ ಹೊರಗಿನಿಂದ ಹದವಾಗಿ ಗಾಳಿ ತುಂಬಿಸಿ, ಸೋಪಿನ ನೀರು ಎರಚಿದರೆ ಗುಳ್ಳೆ ಎದ್ದು ಸಾಕ್ಷಿ ಹೇಳುತ್ತದೆ. ಡೀಸೆಲ್ ಕಾರಾದರೆ ಹಿಂದಿನ ಕಪ್ಪು ಹೊಗೆ ಮೊದಲೇ ಚಾಡಿ ಹೇಳಿರುತ್ತದೆ.

ಮೂರನೆಯ ಶಂಕಿತ, ಸುಳ್ಳು ಹೇಳುವ ಸೆನ್ಸರ್. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರಿನ ಅಂಕಿಯನ್ನು ಸ್ಕ್ಯಾನರಿನಲ್ಲಿ ನೋಡಿ. ಮಂಗಳೂರಿನಲ್ಲಿ ಅದು 101 ಕಿಲೋಪಾಸ್ಕಲ್‌ನ ಆಸುಪಾಸು ಇರಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 91ರ ಆಸುಪಾಸು. ಬೆಂಗಳೂರಿನಲ್ಲಿ ನಿಂತು 101 ತೋರಿಸುವ ಸೆನ್ಸರ್ ಇನ್ನೂ ಕರಾವಳಿಯ ಗುಂಗಿನಲ್ಲಿದೆ ಎಂದೇ ತಿಳಿಯಬೇಕು.

ಇವೆಲ್ಲ ಖುಲಾಸೆಯಾದ ಮೇಲೆ ಟರ್ಬೋ. ಗಾಳಿಯ ಪೈಪ್ ಕಳಚಿ ಶಾಫ್ಟನ್ನು ಬೆರಳಲ್ಲಿ ಅಲುಗಾಡಿಸಿ, ಚಕ್ರದ ಅಲಗು ಗೋಡೆಗೆ ಉಜ್ಜಿದ ಗುರುತಿದೆಯೇ ನೋಡಿ ತೀರ್ಪು ಕೊಡಬಹುದು.

5. ಆಕ್ಷೇಪ ಮತ್ತು ಪರಿಹಾರ

‘ನಾನು ಓಡಿಸಿ ನೋಡಿದೆ, ಏನೂ ಇಲ್ಲವಲ್ಲ?’ ಎಂಬುದು ಮೇಸ್ತ್ರಿಗಳ ಪ್ರಸಿದ್ಧ ಆಕ್ಷೇಪ. ಓಡಿಸಿದ್ದು ಗ್ಯಾರೇಜಿನ ಹಿಂದಿನ ಗಲ್ಲಿಯಲ್ಲಿ, ಎರಡನೇ ಗೇರಿನಲ್ಲಿ, ಬೀಡಿ ಆರದ ವೇಗದಲ್ಲಿ. ಅಲ್ಲಿ ಬೂಸ್ಟೇ ಬರುವುದಿಲ್ಲವಾದ್ದರಿಂದ ಮುಗ್ಗರಿಕೆಗೆ ಅವಕಾಶವಿಲ್ಲ. ಕಾರಣವಿಲ್ಲದ ಕಡೆ ಕಾರ್ಯವನ್ನು ಹುಡುಕುವುದು ತರ್ಕದೋಷ, ಅದಕ್ಕೆ ಬಿಲ್ ಮಾಡುವುದು ಸಂಪ್ರದಾಯ.

6. ಉಪಸಂಹಾರ

ಮುಗ್ಗರಿಕೆಯ ಪರೀಕ್ಷೆ ಬೆಲೆಯ ಏರಿಕೆ ಕ್ರಮದಲ್ಲಿ ನಡೆಯಬೇಕೆಂಬುದು ಈ ಪ್ರಬಂಧದ ಫಲಿತ: ಮೊದಲು ಕ್ಲಿಪ್, ಪ್ಲಗ್, ಪೈಪ್, ಸೆನ್ಸರ್, ಕಟ್ಟಕಡೆಗೆ ಟರ್ಬೋ. ಈ ಕ್ರಮವನ್ನು ತಲೆಕೆಳಗಾಗಿ ಅನುಸರಿಸಿದರೂ ರೋಗ ವಾಸಿಯಾಗುವುದು ನಿಜ. ಹೊಸ ಟರ್ಬೋ ಕೂರಿಸಿದವರು ಜೊತೆಗೆ ಹೊಸ ಕ್ಲಿಪ್ಪನ್ನೂ ಬಿಗಿದಿರುತ್ತಾರೆ. ಟರ್ಬೋಪಂಥ ಇಂದಿಗೂ ಅಳಿಯದೆ ಉಳಿದಿರುವ ರಹಸ್ಯ ಇದೇ.