ಇಲ್ಲದ ಕೆರೆಯ ಹೂಳು

(ಬೆಂಗಳೂರಿನ ಸರ್ಕಾರಿ ಕಚೇರಿಯೊಂದರ ಕ್ಯಾಂಟೀನು. ಹಿರಿಯರು ಬೋಂಡಾದ ಎಣ್ಣೆ ಒತ್ತುತ್ತಿರುವ ಕಾಗದದ ಮೇಲೆ ‘ಗೌಪ್ಯ’ ಎಂಬ ಮೊಹರು. ಯಾರ ದೂರೋ, ಪಾಪ!)

ಕಿರಿಯ: ಸಾರ್, ಬಿಲ್ಲಲ್ಲಿರೋ ಕೆರೆ ಊರಲ್ಲೇ ಇಲ್ಲ. ಕಾಮಗಾರಿಯ ಅಳತೆ ಪುಸ್ತಕದಲ್ಲಿ ಮಾತ್ರ ಎರಡು ಸಲ ಹೂಳೆತ್ತಿದ್ದಾರೆ!

ಹಿರಿಯ: ಇಲ್ಲದ ಕೆರೆಗೆ ನೀನ್ಯಾಕಯ್ಯಾ ಇಳಿದೆ?

ಕಿರಿಯ: ತನಿಖೆ ನನ್ನ ಕೆಲಸ, ಸಾರ್.

ಹಿರಿಯ: ತನಿಖೆ ಮಾಡೋದು ಕೆಲಸ. ಕಂಡುಹಿಡಿಯೋದು ಅಶಿಸ್ತು.

ಕಿರಿಯ: ದೂರುದಾರರ ರಕ್ಷಣೆಗೆ 2014ರ ಕಾಯ್ದೆ ಇದೆಯಲ್ಲ?

ಹಿರಿಯ: ಸಂಸತ್ತು ಒಪ್ಪಿತು, ರಾಷ್ಟ್ರಪತಿ ಅಂಕಿತವೂ ಬಿತ್ತು. ಜಾರಿಯ ಅಧಿಸೂಚನೆ ಮಾತ್ರ ಇನ್ನೂ ಹೊರಟಿಲ್ಲ. ನಮ್ಮ ಫೈಲೇ ವಾಸಿ!

ಕಿರಿಯ: ಹೆಸರು ಹಾಕದೆ ಬರೆದರೆ?

ಹಿರಿಯ: ಅದೇ ಕಾಯ್ದೆ ಪ್ರಕಾರ ಹೆಸರಿಲ್ಲದ ದೂರಿಗೆ ಕ್ರಮವಿಲ್ಲ. ಹೆಸರು ಹಾಕಿ ‘ಗುಟ್ಟಾಗಿಡಿ’ ಅಂತ ಪ್ರಧಾನಿಗೆ ಬರೆದವರು ಹೆದ್ದಾರಿ ಎಂಜಿನಿಯರ್ ಸತ್ಯೇಂದ್ರ ದುಬೆ. ಪತ್ರ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ಹೋಯಿತು. 2003ರ ನವೆಂಬರಿನಲ್ಲಿ ಗಯಾದಲ್ಲಿ ಗುಂಡಿಗೆ ಬಲಿಯಾದರು.

(ಕಿರಿಯನ ಕಾಫಿ ಕೆನೆಗಟ್ಟಿತು.)

ಕಿರಿಯ: ಹಾಗಾದರೆ ನನ್ನ ವರದಿ?

ಹಿರಿಯ: ತಲುಪಿದೆ. ಸೋಮವಾರದಿಂದ ಇಲಾಖಾ ವಿಚಾರಣೆ.

ಕಿರಿಯ: ಕಂಟ್ರಾಕ್ಟರ್ ಮೇಲಾ?

ಹಿರಿಯ: ನಿನ್ನ ಮೇಲೆ. ಇಲ್ಲದ ಕೆರೆಗೆ ಹೋಗಿಬಂದೆ ಅಂತ ಟಿ.ಎ. ಬಿಲ್ ಹಾಕಿದ್ದೀಯಲ್ಲ!